ಹಳೆಯ ನಾದ, ಹೊಸ ಮರ

1960ರ ದಶಕದ ಅಮೆರಿಕದ ಪಾಪ್ ಹಾಡುಗಳಲ್ಲಿ ಗಾಯಕರ ದನಿಯ ಅಡಿಯಲ್ಲಿ ಒಂದು ನಾದ ನಡೆಯುತ್ತಿರುತ್ತದೆ. ದುಂಡಗೆ, ತುಸು ಮಬ್ಬಾಗಿ, ಹುಟ್ಟಿದ ಕ್ಷಣದಲ್ಲೇ ಅಡಗಿಹೋಗುವ ನಾದ. ಅದು ಎಲೆಕ್ಟ್ರಿಕ್ ಬೇಸ್ ಗಿಟಾರಿನದು. ಅದಕ್ಕೆ ಮನಸೋತವರು ಆ ಕಾಲದ ಒಂದು ವಾದ್ಯಕ್ಕಾಗಿ ಲಕ್ಷಗಟ್ಟಲೆ ರೂಪಾಯಿ ತೆರಲು ಸಿದ್ಧರಿರುತ್ತಾರೆ. ಅರವತ್ತು ವರ್ಷ ಒಣಗಿದ ಮರ, ಬಲ ತಗ್ಗಿ ಮೃದುವಾದ ಅಯಸ್ಕಾಂತ, ಸವೆದು ತೆಳುವಾದ ಬಣ್ಣ, ಇವೆಲ್ಲ ಕೂಡಿ ಆ ನಾದ ಬರುತ್ತದೆ ಎಂಬುದು ಅವರ ನಂಬಿಕೆ. ಈ ನಂಬಿಕೆಯಲ್ಲಿ ಸಣ್ಣದೊಂದು ಲೆಕ್ಕ ತಪ್ಪಿದೆ. ನಮ್ಮ ಕಿವಿಗೆ ಆ ನಾದದ ರುಚಿ ಹತ್ತಿಸಿದ ಹಾಡುಗಳು ಧ್ವನಿಮುದ್ರಣವಾದಾಗ ಆ ವಾದ್ಯಗಳಿಗೆ ವಯಸ್ಸೇ ಆಗಿರಲಿಲ್ಲ. ಮರ ಆಗ ಹೊಸದು, ಅಯಸ್ಕಾಂತವೂ ಹೊಸದು. ಹಾಗಾದರೆ ಆ ಹಳೆಯ ನಾದ ಬಂದದ್ದೆಲ್ಲಿಂದ?

ವಾದ್ಯದ ಹುಟ್ಟಿನಿಂದಲೇ ನೋಡೋಣ. ಮಂದ್ರ ಸ್ವರಗಳಿಗೆ ಮೊದಲು ಇದ್ದದ್ದು ಆಳೆತ್ತರದ ಡಬಲ್ ಬೇಸ್. ಹೊತ್ತೊಯ್ಯುವುದು ಕಷ್ಟ, ಡ್ರಮ್ಮು ಕಹಳೆಗಳ ಅಬ್ಬರದಲ್ಲಿ ಅದು ಕೇಳಿಸುವುದೂ ಕಷ್ಟ. ಮೆಟ್ಟಿಲುಗಳಿಲ್ಲದ್ದರಿಂದ ಸ್ವರಸ್ಥಾನವನ್ನು ಬೆರಳೇ ಹುಡುಕಿಕೊಳ್ಳಬೇಕು. 1930ರ ದಶಕದಲ್ಲಿ ಸಿಯಾಟಲ್‌ನ ಪಾಲ್ ಟಟ್‌ಮಾರ್ಕ್ ಗಿಟಾರಿನಂತೆ ಅಡ್ಡ ಹಿಡಿದು ನುಡಿಸುವ ಎಲೆಕ್ಟ್ರಿಕ್ ಬೇಸ್ ಮಾಡಿದ್ದರೂ ಅದು ನೆಲೆಯೂರಲಿಲ್ಲ. 1951ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನ ಲಿಯೋ ಫೆಂಡರ್ ಹೊರತಂದ ವಾದ್ಯ ನೆಲೆಯೂರಿತು. ರೇಡಿಯೋ ರಿಪೇರಿಯಿಂದ ವಾದ್ಯ ತಯಾರಿಕೆಗೆ ಬಂದ ಈತ ಬೇಸಿಗೂ ವೀಣೆಯ ಹಾಗೆ ಮೆಟ್ಟಿಲು ಕೂರಿಸಿದ. ಸ್ವರ ಕರಾರುವಾಕ್ಕಾಗಿ ಬೀಳುತ್ತದೆ ಎಂಬ ಕಾರಣಕ್ಕೆ ಅದರ ಹೆಸರು ಪ್ರಿಸಿಷನ್ ಬೇಸ್. 1957ರಲ್ಲಿ ಅದರ ಪಿಕಪ್, ಅಂದರೆ ತಂತಿಯ ಅಲುಗಾಟವನ್ನು ವಿದ್ಯುತ್ತಾಗಿಸುವ ಅಯಸ್ಕಾಂತದ ಭಾಗ, ಬದಲಾಯಿತು; 1960ರಲ್ಲಿ ಜಾಝ್ ಬೇಸ್ ಎಂಬ ಇನ್ನೊಂದು ಮಾದರಿ ಬಂತು. 1965ರ ಜನವರಿಯಲ್ಲಿ ಫೆಂಡರ್ ತನ್ನ ಕಂಪನಿಯನ್ನು 1.3 ಕೋಟಿ ಡಾಲರಿಗೆ ಸಿಬಿಎಸ್ ಸಂಸ್ಥೆಗೆ ಮಾರಿದ. ಸಂಗ್ರಾಹಕರು ಪೂಜಿಸುವುದು ಆ ಮಾರಾಟಕ್ಕಿಂತ ಹಿಂದಿನ ವಾದ್ಯಗಳನ್ನು.

ಆ ನಾದದ ದೊಡ್ಡ ಯಜಮಾನ ಡೆಟ್ರಾಯಿಟ್‌ನ ಜೇಮ್ಸ್ ಜೇಮರ್‌ಸನ್. ಸುಪ್ರೀಮ್ಸ್, ಫೋರ್ ಟಾಪ್ಸ್, ಸ್ಟೀವಿ ವಂಡರ್ ಹಾಡಿದ ಮೋಟೌನ್ ಕಂಪನಿಯ ಎಷ್ಟೋ ಹಾಡುಗಳಿಗೆ ಬೇಸ್ ನುಡಿಸಿದವನು. ಅವನ ಕೈಯಲ್ಲಿದ್ದದ್ದು 1962ರ ಪ್ರಿಸಿಷನ್. 1966ರ ಹಾಡೊಂದರಲ್ಲಿ ಅದನ್ನು ಕೇಳಿದರೆ ನಾವು ಕೇಳುತ್ತಿರುವುದು ನಾಲ್ಕು ವರ್ಷದ ವಾದ್ಯವನ್ನು. ಅದರಲ್ಲಿ ನಿಜಕ್ಕೂ ಹಳೆಯದಾಗಿದ್ದದ್ದು ತಂತಿ. ಉಕ್ಕಿನ ಎಳೆಯ ಮೇಲೆ ಚಪ್ಪಟೆ ಪಟ್ಟಿ ಸುತ್ತಿದ ದಪ್ಪ ತಂತಿಗಳವು. ಬೆವರು, ಕೊಳೆ ಕೂತು ಜಡವಾದರೂ, ತುಂಡಾಗುವವರೆಗೆ ಅವನು ಅವನ್ನು ಬದಲಿಸುತ್ತಿರಲಿಲ್ಲ. ತಂತಿಗಳನ್ನು ಹೊರುವ ಕುದುರೆಯ ಮೇಲಿನ ಲೋಹದ ಮುಚ್ಚಳದೊಳಗೆ ತಂತಿಗೆ ಒತ್ತಿ ಕೂತ ಸ್ಪಂಜಿನ ತುಂಡು ಬೇರೆ. ಡಬಲ್ ಬೇಸಿನಲ್ಲಿ ಪಳಗಿದ ಕೈ ಅದು, ಮೀಟುತ್ತಿದ್ದದ್ದು ತೋರುಬೆರಳೊಂದರಿಂದ. ಆ ಸದ್ದು ಆಂಪ್ಲಿಫೈಯರನ್ನು ಮುಟ್ಟದೆ ಕೇಬಲ್ ಮೂಲಕ ನೇರವಾಗಿ ಸ್ಟುಡಿಯೋದ ಮಿಕ್ಸರ್‌ಗೆ ಹೋಗುತ್ತಿತ್ತು.

ಸ್ಪಂಜಿನ ಕೆಲಸ ತಿಳಿಯಲು ನಮ್ಮ ತಂಬೂರಿಯನ್ನು ನೆನೆದರೆ ಸಾಕು. ಅಲ್ಲಿ ಕುದುರೆಗೂ ತಂತಿಗೂ ನಡುವೆ ನೂಲಿನ ಎಳೆಯೊಂದನ್ನು ಸರಿಸಿ ಜೀವ ಹಿಡಿಸುತ್ತಾರೆ. ಮೂಲನಾದದ ಜೊತೆ ಅದರ ಎರಡು, ಮೂರು, ನಾಲ್ಕು ಪಟ್ಟು ವೇಗದ ಮೇಲುನಾದಗಳೆಲ್ಲ ಎದ್ದು ಝೇಂಕರಿಸುತ್ತವೆ. ಸ್ಪಂಜು ಮಾಡುವುದು ತದ್ವಿರುದ್ಧ ಕೆಲಸ; ಮೇಲುನಾದಗಳನ್ನು ಕೊಂದು ಸ್ವರವನ್ನು ಬೇಗ ಮುಗಿಸಿಬಿಡುತ್ತದೆ. ಜಡವಾದ ತಂತಿಯೂ ಅದಕ್ಕೆ ಕೈಜೋಡಿಸುತ್ತದೆ. ಬೇಸಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಸಣ್ಣ ರೇಡಿಯೋದ ಸ್ಪೀಕರಿಗೆ ಅಷ್ಟು ತಗ್ಗಿನ ಸದ್ದು ಹೊರಡಿಸುವ ಶಕ್ತಿ ಇಲ್ಲ. ಅದು ಕೊಡುವ ಮೇಲುನಾದಗಳಿಂದಲೇ ನಮ್ಮ ಕಿವಿ ಇಲ್ಲದ ಮೂಲನಾದವನ್ನು ಕಟ್ಟಿಕೊಳ್ಳುತ್ತದೆ. ಹಾಗಾಗಿ ಬೇಸಿಗೆ ಬೇಕಾದದ್ದು ತಳದ ಈ ಕೆಲವೇ ಮೇಲುನಾದಗಳು. ಇನ್ನೂ ಮೇಲಿನವು ಗಾಯಕರ ದನಿಯಿರುವ ಜಾಗಕ್ಕೆ ನುಗ್ಗುತ್ತವೆ. ಅವನ್ನು ಕತ್ತರಿಸಿದ ಬೇಸ್ ಒಂಟಿಯಾಗಿ ಕೇಳಿದರೆ ಸಪ್ಪೆ, ಹಾಡಿನೊಳಗೆ ಕೇಳಿದರೆ ತುಂಬು. ಹಳೆಯ ನಾದದ ಗುಟ್ಟು ಅದರ ಈ ಮಿತವ್ಯಯದಲ್ಲಿದೆ.

ನಾದ ವಾದ್ಯದ ವಯಸ್ಸಿನದಲ್ಲ ಎಂಬುದಕ್ಕೆ ಇನ್ನೊಂದು ಸಾಕ್ಷಿ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್. ಅವನದೂ 1962ರ ಫೆಂಡರೇ, ಜಾಝ್ ಬೇಸ್. ಅದರ ಮೆಟ್ಟಿಲುಗಳನ್ನು ಕಿತ್ತು, ಬೆರಳಾಡುವ ಹಲಗೆಗೆ ದೋಣಿಗೆ ಬಳಿಯುವ ಎಪಾಕ್ಸಿ ಬಳಿದು, ದುಂಡು ಎಳೆ ಸುತ್ತಿದ ಹೊಳಪಿನ ತಂತಿ ಬಿಗಿದ. 1976ರ ಅವನ ಮೊದಲ ಆಲ್ಬಮ್ಮಿನಲ್ಲಿ ಬೇಸ್ ಗಾಯಕನಂತೆ ಎಳೆದು ಹಾಡುತ್ತದೆ, ಮೇಲುನಾದಗಳು ಗಂಟೆಯಂತೆ ಮೊಳಗುತ್ತವೆ. ಮಾದರಿ ಬೇರೆ, ಪಿಕಪ್ ಬೇರೆ ಎಂಬುದು ನಿಜ. ಆದರೂ ಒಂದೇ ಕಂಪನಿಯ ಒಂದೇ ವರ್ಷದ ಎರಡು ವಾದ್ಯಗಳು ಉತ್ತರ ದಕ್ಷಿಣವಾಗಿ ಕೇಳಿಸುವುದಾದರೆ, ನಾದವನ್ನು ತಯಾರಿಕೆಯ ವರ್ಷದಲ್ಲಿ ಹುಡುಕುವುದು ದಂಡ.

ಮರಕ್ಕೇನೂ ಬೆಲೆಯಿಲ್ಲವೇ ಎಂದು ಕೇಳಬಹುದು. ಪಿಕಪ್ಪಿಗೆ ಗೊತ್ತಾಗುವುದು ಅಯಸ್ಕಾಂತದ ಮೇಲೆ ಅಲುಗುವ ಉಕ್ಕಿನ ತಂತಿ ಮಾತ್ರ. ತಂತಿ ಎಷ್ಟು ಹೊತ್ತು ಅಲುಗುತ್ತದೆ ಎಂಬುದರಲ್ಲಿ ಮರದ ಬಿಗಿತಕ್ಕೆ ಪಾಲಿದೆ. ಆದರೆ ಬಿಗಿಯಾದ ಮರ ಇಂದೂ ಸಿಗುತ್ತದೆ. ಆಗಿನ ಹಲಗೆಗಳಿಗೆ ಬಳಸಿದ ಬ್ರೆಜಿಲ್ ರೋಸ್‌ವುಡ್‌ನ ವ್ಯಾಪಾರಕ್ಕೆ 1992ರಲ್ಲಿ ಅಂತರರಾಷ್ಟ್ರೀಯ ನಿರ್ಬಂಧ ಬಿತ್ತು. ಅದರ ಜಾಗಕ್ಕೆ ಬಂದ ಭಾರತೀಯ ರೋಸ್‌ವುಡ್ ಬೇರೇನಲ್ಲ, ನಮ್ಮ ಪಶ್ಚಿಮಘಟ್ಟದ ಬೀಟೆ. ಇನ್ನು ವಾದ್ಯಗಳು ಮಾಗುತ್ತವೆ ಎನ್ನುವವರಿಗೆ ಪಿಟೀಲೇ ಉತ್ತರ. 2010ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಸಂಶೋಧಕಿ ಕ್ಲೌಡಿಯಾ ಫ್ರಿಟ್ಜ್ ಮತ್ತು ಸಂಗಡಿಗರು 21 ವಾದಕರ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಸಿ ಮೂರು ಹಳೆಯ, ಮೂರು ಹೊಸ ಪಿಟೀಲು ಕೊಟ್ಟರು. ಹಳೆಯವುಗಳಲ್ಲಿ ಎರಡು ಹೆಸರಾಂತ ಸ್ಟ್ರಾಡಿವೇರಿಯಸ್. ಹೆಚ್ಚಿನವರು ಮೆಚ್ಚಿದ್ದು ಹೊಸದನ್ನು. ಪೂರ್ತಿ ಮರದ ಪೆಟ್ಟಿಗೆಯೇ ದನಿಯಾದ ವಾದ್ಯದ ಕಥೆ ಹೀಗಿರುವಾಗ ಅಯಸ್ಕಾಂತವನ್ನು ನಂಬಿದ ವಾದ್ಯದ ಪಾಡೇನು?

ಅನುಭವಿ ವಾದಕರು ಮೂರ್ಖರಲ್ಲವಲ್ಲ ಎಂಬ ಆಕ್ಷೇಪ ಇನ್ನೂ ಗಟ್ಟಿ. ಅದಕ್ಕೂ ಉತ್ತರವಿದೆ. ಆ ಕಾಲದಲ್ಲಿ ಪಿಕಪ್ಪಿಗೆ ತಾಮ್ರದ ತಂತಿಯನ್ನು ಕೈಯಿಂದ ಹಿಡಿದು ಸುತ್ತಿಸುತ್ತಿದ್ದರು. ಸುತ್ತುಗಳ ಲೆಕ್ಕ ಒಂದರಂತೆ ಒಂದಿರಲಿಲ್ಲ. ಕೆಲವು ಚೆನ್ನಾಗಿ ಬಂದವು, ಕೆಲವು ಸಾಧಾರಣ. ಚೆನ್ನಾದವನ್ನು ಜನ ಜೋಪಾನ ಮಾಡಿದರು, ಉಳಿದವು ಮೂಲೆ ಸೇರಿದವು. ಹೀಗೆ ಜರಡಿ ಹಿಡಿದು ಉಳಿದ ವಾದ್ಯಗಳನ್ನು ನೋಡಿ ಇಡೀ ಕಾಲವೇ ಬಂಗಾರವೆಂದುಕೊಳ್ಳುವುದು ಸುಲಭ. ಜೊತೆಗೆ, ದಶಕಗಟ್ಟಲೆ ಅಂಗೈ ಉಜ್ಜಿ ನುಣುಪಾದ ಕತ್ತಿನ ಮೇಲೆ ಕೈ ಹಗುರಾಗಿ ಜಾರುತ್ತದೆ. ಕೈ ಹಗುರಾದರೆ ನುಡಿಸಾಣಿಕೆಯೂ ಬದಲಾಗುತ್ತದೆ. ವಯಸ್ಸಿನ ಈ ಲಾಭ ನಿಜವಾದದ್ದು; ಆದರೆ ಅದು ಸಿಗುವುದು ನುಡಿಸುವವನ ಕೈಗೆ, ಕೇಳುವವನ ಕಿವಿಗಲ್ಲ. ಆ ನಾದವೇ ಬೇಕಾದವರು ಸಾಧಾರಣ ಬೇಸಿಗೆ ಒಂದು ಜೊತೆ ಚಪ್ಪಟೆ ತಂತಿ ಹಾಕಿ, ಕುದುರೆಯ ಬಳಿ ಸ್ಪಂಜಿನ ತುಂಡು ಸಿಕ್ಕಿಸಲಿ. ಆಮೇಲೆ ಕೆಲವು ವರ್ಷ ತಂತಿ ಬದಲಿಸದೆ ದಿನವೂ ನುಡಿಸಲಿ.