ದಮ್ಮು ಎಳೆಯುವ ಬಿಡುವು ಹಕ್ಕೇ?

ಬೆಂಗಳೂರಿನ ಹೊರವರ್ತುಲ ರಸ್ತೆಯ ಯಾವುದಾದರೊಂದು ಟೆಕ್ ಪಾರ್ಕಿನ ಗೇಟಿನಾಚೆ ಬೆಳಿಗ್ಗೆ ಹನ್ನೊಂದಕ್ಕೆ ನಿಂತು ನೋಡಿ. ಪೆಟ್ಟಿಗೆ ಅಂಗಡಿಗೆ ದಾರದಲ್ಲಿ ಕಟ್ಟಿದ ಲೈಟರು ಕೈಯಿಂದ ಕೈಗೆ ಹೋಗುತ್ತಿರುತ್ತದೆ. ಕೊರಳಲ್ಲಿ ಐಡಿ ಕಾರ್ಡು, ಒಂದು ಕೈಯಲ್ಲಿ ಬೈಟೂ ಟೀ, ಇನ್ನೊಂದರಲ್ಲಿ ಸಿಗರೇಟು. ಒಳಗಿಂದ ಫೋನ್ ಬಂದರೆ ಉತ್ತರ ಸಿದ್ಧ: “ಐದೇ ನಿಮಿಷ ಸಾರ್.” ಈಚೆಗೆ ಅಲ್ಲೊಬ್ಬ ಹುಡುಗ ಗೆಳೆಯನಿಗೆ ಧೈರ್ಯ ತುಂಬುತ್ತಿದ್ದ: “ಸುಟ್ಟಾ ಬ್ರೇಕ್ ಕೊಡ್ಲೇಬೇಕು ಮಗಾ, ಲೇಬರ್ ಲಾ ಇದೆ.”

ಹಾಗೊಂದು ಕಾನೂನು ಇಲ್ಲ. ಇರುವುದು ವಿಶ್ರಾಂತಿಯ ಹಕ್ಕು. ಕಚೇರಿ, ಅಂಗಡಿಗಳಿಗೆ ಅನ್ವಯಿಸುವ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೇಳುವುದಿಷ್ಟು: ಯಾರನ್ನೂ ಒಂದೇ ಸಮನೆ ಐದು ಗಂಟೆಗಿಂತ ಹೆಚ್ಚು ದುಡಿಸಬಾರದು, ಅಷ್ಟರೊಳಗೆ ಕನಿಷ್ಠ ಒಂದು ಗಂಟೆ ಬಿಡುವು ಕೊಡಬೇಕು. ಆ ಗಂಟೆಯಲ್ಲಿ ನೀವು ಬುತ್ತಿ ಬಿಚ್ಚುತ್ತೀರೋ, ಮೇಜಿಗೆ ತಲೆಯಿಟ್ಟು ತೂಕಡಿಸುತ್ತೀರೋ, ಗೇಟು ದಾಟಿ ಹೊಗೆ ಬಿಡುತ್ತೀರೋ, ಕಾಯ್ದೆ ಕೇಳುವುದಿಲ್ಲ. ಆ ಹೊತ್ತು ಕೆಲಸದ ಅವಧಿಯ ಲೆಕ್ಕಕ್ಕೆ ಸೇರುವುದೂ ಇಲ್ಲ. ಬ್ರಿಟನ್ನಿನಲ್ಲೂ ಇದೇ ಕತೆ: ಆರು ಗಂಟೆ ಮೀರಿ ದುಡಿದರೆ ಇಪ್ಪತ್ತು ನಿಮಿಷ ಬಿಡುವು, ಸಿಗರೇಟಿನ ಹೆಸರೇ ಇಲ್ಲ. ಊಟದ ಬಿಡುವಿನಾಚೆಗೆ ಹನ್ನೊಂದಕ್ಕೊಮ್ಮೆ, ನಾಲ್ಕಕ್ಕೊಮ್ಮೆ ಎದ್ದು ಹೋಗುವುದೆಲ್ಲ ಮೇಲಿನವರು ಕಂಡೂ ಕಾಣದಂತೆ ಇರುವುದರಿಂದ ನಡೆಯುತ್ತಿದೆ, ಅಷ್ಟೆ.

ಹಾಗೆಂದು ಮಾಲೀಕ ಮನಸ್ಸು ಬಂದಂತೆ ಎಲ್ಲ ಬಿಡುವನ್ನೂ ಕಿತ್ತುಕೊಳ್ಳಬಹುದೆಂಬ ಮಾತೂ ಪೂರ್ತಿ ನಿಜವಲ್ಲ. ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದ ಒಂದು ನಿಯಮ ಈಗಿನ ಕೈಗಾರಿಕಾ ಸಂಬಂಧಗಳ ಸಂಹಿತೆಗೂ ಬಂದಿದೆ. ವಿಶ್ರಾಂತಿಯ ವೇಳೆಯನ್ನು ಬದಲಿಸಬೇಕಾದರೆ, ರೂಢಿಯಿಂದ ಬಂದ ಸವಲತ್ತನ್ನು ಹಿಂತೆಗೆಯಬೇಕಾದರೆ ಕಾರ್ಮಿಕರಿಗೆ 21 ದಿನಗಳ ನೋಟಿಸ್ ಕೊಡಬೇಕು. ಹಲವು ವರ್ಷಗಳಿಂದ ಎಲ್ಲರಿಗೂ ಇದ್ದ ಟೀ ಬಿಡುವನ್ನು ಕಾರ್ಖಾನೆಯೊಂದು ನಾಳೆಯಿಂದಲೇ ಬಂದ್ ಮಾಡಿದರೆ ಜಗಳಕ್ಕೆ ಆಧಾರವಿದೆ. ಆದರೆ ಒಬ್ಬ ಮ್ಯಾನೇಜರ್ ಒಬ್ಬ ಹುಡುಗನಿಗೆ “ಮೇಲಿಂದ ಮೇಲೆ ಹೊರಗೆ ಹೋಗ್ಬೇಡಪ್ಪಾ” ಎಂದರೆ ಆ ವಾದ ನಿಲ್ಲುವುದು ಕಷ್ಟ.

ಇನ್ನೊಂದು ನಂಬಿಕೆ ಮಾನವ ಸಂಪನ್ಮೂಲ ವಿಭಾಗದವರಲ್ಲೇ ಇದೆ: ಬಾಗಿಲು ಮುಚ್ಚಿದ ಕೋಣೆಗೊಂದು ಎಕ್ಸಾಸ್ಟ್ ಫ್ಯಾನ್ ಹಾಕಿ ‘ಸ್ಮೋಕಿಂಗ್ ರೂಮ್’ ಎಂದು ಬರೆದರೆ ಮುಗಿಯಿತು. ಮುಗಿಯುವುದಿಲ್ಲ. 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ಕೆಲಸದ ಸ್ಥಳವೂ ಸಾರ್ವಜನಿಕ ಸ್ಥಳವೇ. ಪ್ರತ್ಯೇಕ ಧೂಮಪಾನ ಜಾಗಕ್ಕೆ 2003ರ ತಂಬಾಕು ಕಾಯ್ದೆ ಅವಕಾಶ ಕೊಟ್ಟಿರುವುದು ಮೂವತ್ತು ಕೋಣೆಗಳ ಹೋಟೆಲು, ಮೂವತ್ತು ಅಥವಾ ಹೆಚ್ಚು ಆಸನಗಳ ರೆಸ್ಟೋರೆಂಟು ಮತ್ತು ವಿಮಾನ ನಿಲ್ದಾಣಗಳಿಗೆ. ಕಚೇರಿ ಆ ಪಟ್ಟಿಯಲ್ಲಿಲ್ಲ. ಆ್ಯಶ್‌ಟ್ರೇ, ಬೆಂಕಿಪೊಟ್ಟಣ ಇಡುವುದೂ ತಪ್ಪು, ಅದರ ಹೊಣೆ ಕಚೇರಿಯ ಉಸ್ತುವಾರಿ ಹೊತ್ತವರದು. ಮೆಟ್ಟಿಲ ಮೂಲೆಯಲ್ಲಿ ಕದ್ದು ಸೇದಿ ಸಿಕ್ಕಿಬಿದ್ದರೆ ಕರ್ನಾಟಕದಲ್ಲಿ 2025ರ ತಿದ್ದುಪಡಿಯ ನಂತರ ದಂಡ ₹1,000ದವರೆಗೆ. ಮೊದಲು ಅದು ₹200 ಇತ್ತು.

“ಒಂದು ಎಳೆದರೆ ತಲೆ ಓಡುತ್ತೆ” ಎನ್ನುವವರಿಗೂ ಒಂದು ಮಾತು. ದೇಹದಲ್ಲಿ ನಿಕೋಟಿನ್ ಸುಮಾರು ಎರಡು ಗಂಟೆಗೆ ಅರ್ಧಕ್ಕಿಳಿಯುತ್ತದೆ. ಆಗ ಹುಟ್ಟುವ ಚಡಪಡಿಕೆಯನ್ನು ಮುಂದಿನ ಸಿಗರೇಟು ತಣಿಸುತ್ತದೆ. ಓಡಿದಂತೆ ಕಾಣುವ ತಲೆ ಬಹುಮಟ್ಟಿಗೆ ಮೊದಲಿದ್ದಲ್ಲಿಗೇ ಮರಳಿರುತ್ತದೆ.

ಸೇದದವರ ಗೊಣಗಾಟಕ್ಕೂ ಅರ್ಥವಿದೆ. ಟೋಕಿಯೋದ ಪಿಯಾಲಾ ಎಂಬ ಕಂಪನಿಯ ಕಚೇರಿ ಇದ್ದದ್ದು 29ನೇ ಮಹಡಿಯಲ್ಲಿ. ಇಳಿದು, ಸೇದಿ, ಹತ್ತಿ ಬರಲು ಹದಿನೈದು ನಿಮಿಷ ಬೇಕಾಗುತ್ತಿತ್ತು. 2017ರಲ್ಲಿ ಅದು ಸೇದದವರಿಗೆ ವರ್ಷಕ್ಕೆ ಆರು ದಿನ ಹೆಚ್ಚುವರಿ ರಜೆ ಕೊಟ್ಟಿತು. ಅದು ಕಂಪನಿಯ ಔದಾರ್ಯ. ನಮ್ಮಲ್ಲಿ ಅಂಥ ರಜೆಯನ್ನು ಹಕ್ಕೆಂದು ಕೇಳಲು ದಾರಿಯಿಲ್ಲ.

ನನಗೆ ಕಸಿವಿಸಿಯಾಗುವುದು ಬೇರೆ ಕಡೆ. ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳು ಟಾರ್ಗೆಟ್ ಮುಗಿಯದೆ ಬಾತ್‌ರೂಮಿಗೆ ಏಳಲು ಸೂಪರ್‌ವೈಸರ್ ಮುಖ ನೋಡುತ್ತಾರೆ, ಅದಕ್ಕೆ ಹೆದರಿ ನೀರನ್ನೇ ಕಡಿಮೆ ಕುಡಿಯುತ್ತಾರೆ. ಅಲ್ಲಿ ಯಾರೂ “ಐದೇ ನಿಮಿಷ ಸಾರ್” ಎನ್ನುವುದನ್ನು ನಾನು ಕೇಳಿಲ್ಲ. ತಮಾಷೆಯೆಂದರೆ, ಕಾನೂನು ಬಾಯಿಬಿಟ್ಟು ಹೇಳಿರುವುದು ಅವರ ಪರವಾಗಿಯೇ: ಕಾರ್ಮಿಕರು ಕಾರ್ಖಾನೆಯಲ್ಲಿರುವಷ್ಟು ಹೊತ್ತೂ ಶೌಚಾಲಯ ಅವರ ಕೈಗೆಟಕುವಂತಿರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು.