ಆಡಿದ ಮಕ್ಕಳು ಹಿಂದೆ ಬೀಳುವುದಿಲ್ಲ

ಸಾಲಿ ಬಿಟ್ಟ ಮೇಲೆ ಆಡಲು ಬಿಟ್ಟರೆ ಮಗುವಿಗೆ ನವೋದಯ ಕೈತಪ್ಪುತ್ತದೆ. ನಿಪ್ಪಾಣಿಯಿಂದ ಅಥಣಿವರೆಗೆ, ಚಿಕ್ಕೋಡಿಯಿಂದ ರಾಯಬಾಗ, ಕಾಗವಾಡದವರೆಗೆ ಯಾವ ಊರಿಗೆ ಹೋದರೂ ಇದನ್ನು ದೇವರ ಮಾತಿನ ಹಾಗೆ ನಂಬಿದ ತಂದೆತಾಯಂದಿರು ಸಿಗುತ್ತಾರೆ. ಸಂಜೆ ಹೊತ್ತು ಮಕ್ಕಳನ್ನು ಕೂಡಿಸಿ ಆಟ, ಹಾಡು, ಕಥೆ ಓದು, ಕಾಗದದ ಕೆಲಸ ಮಾಡಿಸುವ ನನ್ನಂಥವರ ಹತ್ತಿರ ಬಂದು ಅವರು ಹೇಳುವುದು ಒಂದೇ: "ಆಟಾ ಮನ್ಯಾಗೂ ಆಡ್ತಾವ್ರಿ ಸರ್ರ. ನೀವು ಎರಡು ಲೆಕ್ಕಾ ಹೇಳ್ರಿ, ಸಾಕು." ಕೇಳಿ ಕೇಳಿ ಬೇಸತ್ತಿದ್ದೇನೆ. ಮನೆಯಲ್ಲಿ ಮಕ್ಕಳು ಆಡುತ್ತಿಲ್ಲ, ಮೊಬೈಲ್ ನೋಡುತ್ತಿದ್ದಾರೆ. ಲೆಕ್ಕವೋ, ಬೆಳಗಿನಿಂದ ಸಂಜೆಯತನಕ ಅದನ್ನೇ ಕೇಳಿ ಬಂದಿರುತ್ತಾರೆ.

ಈ ಆತಂಕ ಎಲ್ಲಿಂದ ಬಂತು ಎನ್ನುವುದು ಗುಟ್ಟೇನಲ್ಲ. ಬೆಳಗಾವಿ ಜಿಲ್ಲೆಯ ಜವಾಹರ ನವೋದಯ ವಿದ್ಯಾಲಯ ಇರುವುದು ಚಿಕ್ಕೋಡಿ ತಾಲ್ಲೂಕಿನ ಕೋಥಳಿಯಲ್ಲಿ, ನಮ್ಮ ಕಣ್ಣೆದುರಿಗೇ. ಕಿತ್ತೂರಿನಲ್ಲಿ ಹೆಣ್ಣುಮಕ್ಕಳ ಸೈನಿಕ ಶಾಲೆ, ವಿಜಯಪುರದಲ್ಲಿ ಇನ್ನೊಂದು ಸೈನಿಕ ಶಾಲೆ. ಕಬ್ಬಿನ ಬಿಲ್ಲು ಎಂದು ಕೈಸೇರುತ್ತದೋ ತಿಳಿಯದ ರೈತನಿಗೂ, ಬೀಡಿ ಕಟ್ಟಿ ಸಂಸಾರ ತೂಗಿಸುವ ನಿಪ್ಪಾಣಿಯ ತಾಯಿಗೂ ಊಟ, ವಸತಿ ಕೊಟ್ಟು ಓದಿಸುವ ಶಾಲೆಯ ಮೇಲೆ ಆಸೆ ಹುಟ್ಟುವುದು ಸಹಜ. ಆ ಆಸೆಯನ್ನು ನಾನು ಆಡಿಕೊಳ್ಳುವುದಿಲ್ಲ. ಆದರೆ ಅದರ ಹೆಸರಿನಲ್ಲಿ ಮೂರನೇ ಇಯತ್ತೆಯ ಕೂಸನ್ನು ಸಾಲಿಯಿಂದ ಬಂದ ಕೂಡಲೇ ಕೋಚಿಂಗ್ ಕೋಣೆಯಲ್ಲಿ ಕೂಡಿಸಿ ರಾತ್ರಿ ಎಂಟಕ್ಕೆ ಮನೆಗೆ ಕಳಿಸುವುದು ನಡೆದಿದೆಯಲ್ಲ, ಅದನ್ನು ಒಪ್ಪಲಾರೆ.

ಮೊದಲು ಸೀಟಿನ ಲೆಕ್ಕ ನೋಡಿ. ಒಂದು ನವೋದಯಕ್ಕೆ ಆರನೇ ಇಯತ್ತೆಗೆ ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳನ್ನು ತೆಗೆದುಕೊಳ್ಳುತ್ತಾರೆ. 2011ರ ಜನಗಣತಿಯಲ್ಲೇ 47 ಲಕ್ಷ ದಾಟಿದ್ದ ಜಿಲ್ಲೆ ನಮ್ಮದು. ಊರೂರಿಗೆ ಕೋಚಿಂಗ್ ಕ್ಲಾಸು ತೆರೆದರೂ, ಜಿಲ್ಲೆಯ ಪ್ರತಿ ಮಗುವೂ ರಾತ್ರಿ ಹತ್ತರವರೆಗೆ ಓದಿದರೂ ಆ 80 ಎಂಬತ್ತೊಂದಾಗುವುದಿಲ್ಲ. ನಿಮ್ಮ ಮಗ ಒಳಗೆ ಹೋದರೆ ಇನ್ನೊಬ್ಬರ ಮಗ ಹೊರಗೆ ಉಳಿಯುತ್ತಾನೆ, ಅಷ್ಟೇ. ನವೋದಯದ ಪ್ರವೇಶ ಪರೀಕ್ಷೆಗೆ ಒಂದು ಸಲಕ್ಕಿಂತ ಹೆಚ್ಚು ಕೂಡುವಂತೆಯೂ ಇಲ್ಲ. ಆಯ್ಕೆಯಾಗದೆ ಉಳಿಯುವ ಸಾವಿರಾರು ಮಕ್ಕಳು ತಮ್ಮ ಮೂರು ವರ್ಷದ ಸಂಜೆಗಳನ್ನು ಎಲ್ಲಿಂದ ವಾಪಸು ತರಬೇಕು?

ಎರಡನೆಯದು, ಆ ಪರೀಕ್ಷೆ ಕೇಳುವುದಾದರೂ ಏನನ್ನು? ಎರಡು ತಾಸು, 80 ಪ್ರಶ್ನೆ, 100 ಅಂಕ. ಅದರಲ್ಲಿ ಅಂಕಗಣಿತಕ್ಕೆ 25, ಭಾಷೆಗೆ 25, ಉಳಿದ 50 ಅಂಕ ಮಾನಸಿಕ ಸಾಮರ್ಥ್ಯಕ್ಕೆ. ಗುಂಪಿಗೆ ಸೇರದ ಚಿತ್ರ ಯಾವುದು, ಅರ್ಧ ಚಿತ್ರ ಪೂರ್ತಿಯಾದರೆ ಹೇಗಿರುತ್ತದೆ, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಕಾಗದ ಮಡಚಿ ತೂತು ಮಾಡಿ ಬಿಚ್ಚಿದರೆ ತೂತುಗಳು ಎಲ್ಲೆಲ್ಲಿ ಬೀಳುತ್ತವೆ. ಕೋಚಿಂಗಿನಲ್ಲಿ ಇದನ್ನು ಗೈಡ್ ಪುಸ್ತಕದ ಚಿತ್ರ ತೋರಿಸಿ ಬಾಯಿಪಾಠ ಮಾಡಿಸುತ್ತಾರೆ. ನಮ್ಮಲ್ಲಿ ಸಂಜೆ ಹಳೆ ಪೇಪರನ್ನು ಚೌಕ ಕತ್ತರಿಸಿ ಮಕ್ಕಳ ಕೈಗೆ ಕೊಡುತ್ತೇವೆ. ಒಮ್ಮೆ ಮಡಚು, ಇನ್ನೊಮ್ಮೆ ಮಡಚು, ಮೂಲೆಯ ಹತ್ತಿರ ಕತ್ತರಿಯಿಂದ ಸಣ್ಣ ಚೂರು ತೆಗೆ, ಬಿಚ್ಚುವ ಮೊದಲು ಎಷ್ಟು ತೂತು ಅಂತ ಹೇಳು. ಮೊದಲ ದಿನ ಎಲ್ಲರೂ ಒಂದು ಎನ್ನುತ್ತಾರೆ. ಬಿಚ್ಚಿದರೆ ನಾಲ್ಕು. ಮಡಿಕೆಯ ಗೆರೆಯ ಮೇಲೇ ಕತ್ತರಿಸಿದರೆ ಲೆಕ್ಕವೇ ಬೇರೆ. ಅರ್ಧರ್ಧ ತೂತು ಕೂಡಿಕೊಳ್ಳುತ್ತವೆ. ಎರಡು ವಾರ ಕಳೆಯುವಷ್ಟರಲ್ಲಿ ನಾಲ್ಕನೇ ಇಯತ್ತೆಯ ಹುಡುಗಿಯರು ಮೂರು ಮಡಿಕೆಯ ಕಾಗದ ನೋಡಿ ತೂತು ಎಲ್ಲಿ ಬೀಳುತ್ತದೆಂದು ನೆಲದ ಮೇಲೆ ಬೆರಳಿನಿಂದ ಬರೆದು ತೋರಿಸುತ್ತಾರೆ. ಯಾರೂ ಅವರಿಗೆ ಸೂತ್ರ ಹೇಳಿಕೊಟ್ಟಿರುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಕಾಣುವುದು ಪೇಪರು ಹರಿದು ಕಸ ಮಾಡುವ ಮಕ್ಕಳು.

ಚೌಕಾಬಾರ ಆಡುವಾಗಲೂ ಹಾಗೇ. ನಾಲ್ಕು ಹುಣಸೆಪಿಕ್ಕದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ ಕವಡೆಯ ಬದಲು ಒಗೆಯುತ್ತಾರೆ. ಮೂರು ಬಿತ್ತು. ಈಗ ಈ ಕಾಯಿ ನಡೆಸಿದರೆ ಎದುರಾಳಿಯನ್ನು ಕಡಿಯಬಹುದು, ಆ ಕಾಯಿ ನಡೆಸಿದರೆ ಕಟ್ಟೆ ಸೇರಿ ಉಳಿದುಕೊಳ್ಳಬಹುದು. ಕಡಿದರೆ ಹಿಂದಿನಿಂದ ಇನ್ನೊಬ್ಬ ನಾಲ್ಕು ಮನೆ ದೂರದಲ್ಲಿದ್ದಾನೆ, ಅವನಿಗೆ ಚೌಕ ಬಿದ್ದರೆ ನಾನು ಹೋದೆ. ಎರಡನೇ ಇಯತ್ತೆಯ ಹುಡುಗ ಇಷ್ಟನ್ನು ಮನಸ್ಸಿನಲ್ಲೇ ಎಣಿಸಿ, ಆಸೆಯನ್ನು ತಡೆದು, ಕಾಯಿಯನ್ನು ಕಟ್ಟೆಗೆ ಸರಿಸುತ್ತಾನೆ. ಕೂಡಿಸುವುದು, ಮುಂದಾಲೋಚನೆ, ತಾಳ್ಮೆ ಮೂರೂ ಅಲ್ಲಿವೆ. ಅದೇ ಹುಡುಗ ಮಗ್ಗಿ ಒಪ್ಪಿಸುವಾಗ ತಡವರಿಸುತ್ತಾನೆಂದು ಅವನ ಅಪ್ಪ ಆಟ ಬಿಡಿಸುತ್ತಾರೆ. ಆಗ ನನಗೆ ಹೊಟ್ಟೆ ಉರಿಯುತ್ತದೆ.

ಇದೆಲ್ಲ ಮಾಸ್ತರರ ಮಮತೆಯ ಮಾತು ಎನ್ನುವವರಿದ್ದಾರೆ. ಅವರಿಗಾಗಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಮಾಡಿದ ಕೆಲಸ ಹೇಳುತ್ತೇನೆ. 7ರಿಂದ 9 ವರ್ಷದ 221 ಮಕ್ಕಳನ್ನು ಚೀಟಿ ಎತ್ತುವ ರೀತಿಯಲ್ಲಿ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಒಂಬತ್ತು ತಿಂಗಳು ಶಾಲೆ ಬಿಟ್ಟ ಮೇಲೆ ದಿನಾ ಎರಡು ತಾಸಿನ ಆಟದ ಕಾರ್ಯಕ್ರಮ, ಅದರಲ್ಲಿ ಒಂದು ತಾಸಿಗೂ ಮೀರಿ ಬೆವರು ಬರುವಂಥ ಓಡಾಟ. ಇನ್ನೊಂದು ಗುಂಪಿಗೆ ಆ ವರ್ಷ ಅದಿಲ್ಲ. 2014ರಲ್ಲಿ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಫಲಿತಾಂಶ ಬಂತು: ಆಡಿದ ಗುಂಪಿನ ಮಕ್ಕಳಲ್ಲಿ ಗಮನ ಬೇರೆಡೆ ಹರಿಯದಂತೆ ಹಿಡಿದಿಡುವ ಶಕ್ತಿ, ಒಂದು ಕೆಲಸದಿಂದ ಇನ್ನೊಂದಕ್ಕೆ ಮನಸ್ಸು ತಿರುಗಿಸುವ ಶಕ್ತಿ ಹೆಚ್ಚು ಬೆಳೆದಿದ್ದವು. ತಪ್ಪದೆ ಬಂದ ಮಕ್ಕಳಲ್ಲಿ ಇನ್ನೂ ಹೆಚ್ಚು. ಪರೀಕ್ಷೆಯ ಅಂಕ ಇಷ್ಟು ಏರುತ್ತದೆ ಎಂದು ಅವರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ಆಟಕ್ಕೆ ಕೊಟ್ಟ ಎರಡು ತಾಸು ಓದಿನಿಂದ ಕದ್ದದ್ದು ಎನ್ನುವ ಮಾತು ಮಾತ್ರ ಸುಳ್ಳು. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವ ಚಟುವಟಿಕೆ ಬೇಕೇ ಬೇಕು ಎನ್ನುತ್ತದೆ. ಸಾಲಿಯಲ್ಲಿ ವಾರಕ್ಕೆರಡು ಆಟದ ಪಿರಿಯಡ್ ಇದ್ದರೆ, ಅದರಲ್ಲಿ ಒಂದನ್ನು ಗಣಿತದವರು ಕೇಳಿ ಪಡೆದರೆ, ಆ 60 ನಿಮಿಷ ಸಂಜೆಯಲ್ಲದೆ ಇನ್ನೆಲ್ಲಿ ಸಿಗಬೇಕು?

ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೇ ಇಯತ್ತೆಗೆ ವರ್ಷಕ್ಕೆ ಕನಿಷ್ಠ 200 ದಿನ, 800 ತಾಸು ಪಾಠ ಇರಬೇಕೆಂದು ಬರೆದಿದೆ. ದಿನಕ್ಕೆ ನಾಲ್ಕು ತಾಸಾಯಿತು. ಅದರ ಮೇಲೆ ಮೂರು ತಾಸು ಕೋಚಿಂಗ್ ಹೇರುವವರು ಯಾವ ಆಧಾರದ ಮೇಲೆ ಹೇರುತ್ತಿದ್ದಾರೆ ಎಂದು ಒಬ್ಬ ಪಾಲಕರೂ ಕೇಳುವುದಿಲ್ಲ. ನಮ್ಮಿಂದ ಮಾತ್ರ ಲೆಕ್ಕ ಕೇಳುತ್ತಾರೆ.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ತಿದ್ದಬೇಕು, ಅದು ನಮ್ಮ ಕಡೆಯವರದ್ದೇ. ಮೈದಾನದಲ್ಲಿ ಚೆಂಡು ಒಗೆದು ಪೀಪಿ ಊದಿದರೆ ಸಂಜೆಯ ಕಾರ್ಯಕ್ರಮ ಆಯಿತು ಎಂದುಕೊಂಡವರಿದ್ದಾರೆ. ಜೋಸೆಫ್ ಡರ್ಲಾಕ್, ರೋಜರ್ ವೈಸ್‌ಬರ್ಗ್ ಮೊದಲಾದವರು ಇಂಥ ಹತ್ತಾರು ಕಾರ್ಯಕ್ರಮಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 2010ರಲ್ಲಿ ಬರೆದದ್ದು ಇದು: ಹಂತ ಹಂತವಾಗಿ ಕಲಿಸುವ, ಮಕ್ಕಳ ಕೈಯಿಂದ ಮಾಡಿಸುವ, ಅದಕ್ಕೆಂದೇ ಹೊತ್ತು ಮೀಸಲಿಡುವ, ಏನು ಕಲಿಸುತ್ತೇವೆಂದು ಸ್ಪಷ್ಟವಿರುವ ಕಾರ್ಯಕ್ರಮಗಳಿಂದ ಮಾತ್ರ ಫಲ ಸಿಕ್ಕಿದೆ, ಉಳಿದವುಗಳಿಂದ ಇಲ್ಲ. ಖೋ ಖೋ ಕಲಿಸುವುದೆಂದರೆ ಮೊದಲು ಸಾಲಿನಲ್ಲಿ ಸರಿಯಾಗಿ ಕೂಡುವುದು, ಆಮೇಲೆ ಖೋ ಕೊಡುವುದು, ಆಮೇಲೆ ಕಂಬ ತಿರುಗುವುದು. ಸಂಜೆ ಮಕ್ಕಳನ್ನು ನೋಡಿಕೊಳ್ಳುವವರು ದಿನಾ ಬದಲಾಗುತ್ತಿದ್ದರೆ ಇದ್ಯಾವುದೂ ಆಗುವುದಿಲ್ಲ.

ಈ ಸೀಮೆಗೆ ಇದು ಹೊಸ ಮಾತೂ ಅಲ್ಲ. ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಶಾಹೂ ಮಹಾರಾಜರು ಕೊಲ್ಹಾಪುರದಲ್ಲಿ ಖಾಸಬಾಗ ಕುಸ್ತಿ ಮೈದಾನವನ್ನು 1912ರಲ್ಲಿ ಕಟ್ಟಿ ಮುಗಿಸಿದರು. ಅದೇ ಅರಸರು ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿದರು. ಓದು ಬೇರೆ, ತಾಲೀಮು ಬೇರೆ, ಎರಡೂ ಬೇಕು ಎನ್ನುವುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ಊರ ತಾಲೀಮಿನಲ್ಲಿ ವಸ್ತಾದರು ಎಳೆಯ ಹುಡುಗರಿಗೆ ಕೆಮ್ಮಣ್ಣು ಹದ ಮಾಡುವುದರಿಂದಲೇ ಪಾಠ ಶುರು ಮಾಡುತ್ತಿದ್ದರು, ಪಟ್ಟು ಕಲಿಸುವುದು ಎಷ್ಟೋ ದಿನದ ಮೇಲೆ. ಮೇಲೆ ಹೇಳಿದ ಹಂತ ಹಂತ ಎನ್ನುವುದು ಇದೇ.

ಉಳಿದ ಕೆಲವು ನಂಬಿಕೆಗಳಿಗೆ ಒಂದೊಂದೇ ಮಾತು ಸಾಕು. ಸಂಜೆ ಶೇಂಗಾ ಜೊತೆ ಬೆಲ್ಲ ಕೊಟ್ಟರೆ ಹೊಟ್ಟೆಯಲ್ಲಿ ಹುಳ ಆಗುತ್ತವೆ ಎನ್ನುತ್ತಾರೆ. ಜಂತುಹುಳ ಬರುವುದು ಮಲ ಬೆರೆತ ಮಣ್ಣಿನಲ್ಲಿರುವ ತತ್ತಿಗಳಿಂದ, ಬೆಲ್ಲದಿಂದಲ್ಲ, ಆದ್ದರಿಂದ ಕೈ ತೊಳೆಸಿ, ಸಾಲಿಯಲ್ಲಿ ಕೊಡುವ ಆಲ್ಬೆಂಡಜೋಲ್ ಗುಳಿಗೆ ತಪ್ಪಿಸಬೇಡಿ. ಮನೆಯಲ್ಲಿ ಮರಾಠಿ, ಅಂಗಳದಲ್ಲಿ ಕನ್ನಡ ಆಡಿದರೆ ಮಗುವಿಗೆ ಎರಡೂ ಬರುವುದಿಲ್ಲ ಎನ್ನುವುದು ಗಡಿಯಲ್ಲಿ ಹುಟ್ಟಿ ಬೆಳೆದ ನಾವೇ ಸುಳ್ಳು ಮಾಡಿದ ಮಾತು. ಕಬ್ಬು ಕಡಿಯಲು ಬಂದ ಗ್ಯಾಂಗಿನ ಮಕ್ಕಳ ಜೊತೆ ಆಡಿದರೆ ನಮ್ಮವು ಕೆಡುತ್ತವೆ ಎನ್ನುವವರಿಗೆ ಉತ್ತರ ಕೊಡಲು ನನಗೆ ನಾಚಿಕೆಯಾಗುತ್ತದೆ. ಹಂಗಾಮು ಮುಗಿಯುವತನಕ ಆ ಮಕ್ಕಳಿಗೆ ಸಾಲಿಯೂ ಇಲ್ಲ, ಅಂಗಳವೂ ಇಲ್ಲ. ದೊಡ್ಡವರಾದ ಹೆಣ್ಣುಮಕ್ಕಳು ಓಡಬಾರದು ಎನ್ನುವುದಕ್ಕೆ ವೈದ್ಯಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲ.

ಆಟದ ಲಾಭಕ್ಕೆ ಪುರಾವೆ ಕೇಳುವ ಇದೇ ಜನ ಇನ್ನೊಂದು ಕಡೆ ಏನನ್ನೂ ಕೇಳದೆ ದುಡ್ಡು ಎಣಿಸುತ್ತಾರೆ ಎನ್ನುವುದು ನನಗೆ ಸಹಿಸಲಾಗದ ಸಂಗತಿ. ಅಬಾಕಸ್ ಕಲಿತರೆ ಬುದ್ಧಿಯೇ ಹರಿತವಾಗುತ್ತದೆ ಎಂಬ ಜಾಹೀರಾತು ನಂಬುತ್ತಾರೆ. ಗುಜರಾತಿನ ವಡೋದರಾದಲ್ಲಿ 204 ಮಕ್ಕಳ ಮೇಲೆ ಮೂರು ವರ್ಷ ನಡೆದ ಪ್ರಯೋಗ 2016ರಲ್ಲಿ ಪ್ರಕಟವಾಗಿದೆ: ಕೂಡಿಸಿ ಕಳೆಯುವ ಲೆಕ್ಕದಲ್ಲಿ ಲಾಭ ಕಂಡಿತು, ನೆನಪು, ಗಮನದಂಥ ಮೂಲ ಶಕ್ತಿಗಳು ಬದಲಾಗಲಿಲ್ಲ. ಲೆಕ್ಕಕ್ಕಾಗಿ ಕಲಿಸಿ, ತಕರಾರಿಲ್ಲ. ಎಡ ಮೆದುಳಿನ ಮಗು, ಬಲ ಮೆದುಳಿನ ಮಗು ಎಂದು ವಿಂಗಡಿಸಿ ಹಣ ಕೇಳಿದರೆ ಎದ್ದು ಬನ್ನಿ; ಯೂಟಾ ವಿಶ್ವವಿದ್ಯಾಲಯದವರು 2013ರಲ್ಲಿ ಸಾವಿರಕ್ಕೂ ಹೆಚ್ಚು ಜನರ ಮೆದುಳಿನ ಚಿತ್ರ ಪರಿಶೀಲಿಸಿದಾಗ ಅಂಥ ಎರಡು ಜಾತಿ ಸಿಗಲಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಮಿಡ್‌ಬ್ರೈನ್ ಆಕ್ಟಿವೇಷನ್. ಮಗುವಿನ ನಡುಮೆದುಳನ್ನು ಎಬ್ಬಿಸುತ್ತೇವೆ, ಕಣ್ಣಿಗೆ ಬಟ್ಟೆ ಕಟ್ಟಿದರೂ ಓದುತ್ತದೆ ಎಂದು ಹೇಳಿ ಹಣ ತೆಗೆದುಕೊಳ್ಳುವ ದಂಧೆ ಇದು. ನಡುಮೆದುಳು ಮಲಗಿದ್ದರೆ ತಾನೆ ಎಬ್ಬಿಸುವುದು? ಕಣ್ಣುಗುಡ್ಡೆ ಹೊರಳುವುದು, ಸದ್ದು ಬಂದ ಕಡೆ ತಲೆ ತಿರುಗುವುದು, ಎಚ್ಚರವಾಗಿರುವುದು ಎಲ್ಲದರಲ್ಲೂ ಅದು ಹುಟ್ಟಿದಾಗಿನಿಂದ ಕೆಲಸ ಮಾಡುತ್ತಲೇ ಇರುತ್ತದೆ. ಮಗು ಓದುವುದು ಮೂಗಿನ ಎರಡೂ ಬದಿಯ ಸಂದಿಯಿಂದ. ಕಣ್ಣಿಗೆ ಪಟ್ಟಿ ಎಷ್ಟೇ ಬಿಗಿದರೂ ಅಲ್ಲಿ ಬೆಳಕು ಉಳಿಯುತ್ತದೆ. ಅದಕ್ಕೇ ಮಗು ಗದ್ದ ಮೇಲೆತ್ತುತ್ತದೆ, ಕಾರ್ಡನ್ನು ಮೂಗಿನ ಕೆಳಗೆ ತರುತ್ತದೆ. ಅದೇ ಕಾರ್ಡನ್ನು ಹಣೆಯ ಮಟ್ಟಕ್ಕೆ ಹಿಡಿಯಿರಿ, ಇಲ್ಲವೇ ಮೂಗಿನ ಪಕ್ಕದ ಸಂದಿಗೆ ನಾದಿದ ಹಿಟ್ಟು ಒತ್ತಿ, ಓದು ನಿಂತುಹೋಗುತ್ತದೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇದನ್ನು ವರ್ಷಗಳಿಂದ ಬಯಲಿಗೆಳೆಯುತ್ತ ಬಂದಿದ್ದಾರೆ. ಇದು ನಿಜವಾಗಿದ್ದರೆ ಅಂಧ ಮಕ್ಕಳಿಗೆ ಬ್ರೈಲ್ ಏಕೆ ಕಲಿಸಬೇಕಿತ್ತು? ಹಣ ಹೋದದ್ದು ಒಂದು ನಷ್ಟ. ತಾನು ಸಂದಿಯಿಂದ ನೋಡುತ್ತಿದ್ದೇನೆಂದು ಆ ಮಗುವಿಗೆ ಗೊತ್ತಿರುತ್ತದೆ. ಅಪ್ಪ ಅವ್ವ ಚಪ್ಪಾಳೆ ತಟ್ಟುವಾಗ ಅದು ಸುಮ್ಮನಿರಬೇಕಾಗುತ್ತದೆ. ಒಂಬತ್ತು ವರ್ಷದ ಕೂಸಿಗೆ ಹೆತ್ತವರ ಮುಂದೆ ವಂಚನೆ ಮಾಡುವುದನ್ನು ಫೀ ಕೊಟ್ಟು ಕಲಿಸಿದ ಹಾಗಾಯಿತು.

ಪುಕ್ಕಟೆ ಸಿಗುವುದಕ್ಕೆ ಬೆಲೆಯಿಲ್ಲ ಎನ್ನುವುದೂ ಇದೇ ಜಾತಿಯ ಮೂಢನಂಬಿಕೆ. 2020ರ ನವೆಂಬರ್ 14ರಂದು ಗ್ರಾಮೀಣಾಭಿವೃದ್ಧಿ ಇಲಾಖೆ 'ಓದುವ ಬೆಳಕು' ಆರಂಭಿಸಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ನಿಮ್ಮ ಊರಿನ ಗ್ರಂಥಾಲಯಕ್ಕೆ ಹೋಗಿ ಮಗುವಿನ ಹೆಸರು ಬರೆಸಿ. ಸಂಜೆ ಎಷ್ಟು ಹೊತ್ತಿನತನಕ ತೆರೆದಿರುತ್ತದೆ, ಮಕ್ಕಳ ಪುಸ್ತಕ ಬೀರುವಿನ ಒಳಗಿವೆಯೋ ಹೊರಗಿವೆಯೋ, ಕೇರಂ ಬೋರ್ಡು ಚದುರಂಗ ಇದ್ದರೆ ಆಡಲು ಬಿಡುತ್ತಾರೋ ಕೇಳಿ. ವರ್ಷಕ್ಕೊಮ್ಮೆ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ಕರೆಯುತ್ತಾರೆ. ಸಾಲಿ ಮೈದಾನದ ಗೇಟಿಗೆ ಸಂಜೆ ಐದಕ್ಕೆ ಬೀಗ ಬೀಳುವ ಊರುಗಳಲ್ಲಿ ಮಕ್ಕಳೇ ಎದ್ದು ನಿಂತು ಆ ಬೀಗದ ಬಗ್ಗೆ ಕೇಳಲಿ, ಉತ್ತರವನ್ನು ಠರಾವಿನಲ್ಲಿ ಬರೆಸಿಕೊಂಡು ಬರಲಿ.