ಸೋತು ಬಂದ ಮಗಳಿಗೆ ಏನು ಹೇಳುವಿರಿ?

ಶಾಲಾ ಕ್ರೀಡಾಕೂಟ ಮುಗಿಸಿ ಮಗಳು ಸಂಜೆ ಮನೆಗೆ ಬರುತ್ತಾಳೆ. ಕಾಲಿಗೆಲ್ಲ ಕೆಮ್ಮಣ್ಣು, ಮುಖ ಸಣ್ಣದಾಗಿದೆ. "ಎಷ್ಟರಲ್ಲಿ ಸೋತಿರಿ?" ಎಂದು ಅಣ್ಣ ಕೇಳುತ್ತಾನೆ. ಅವಳು ಹೇಳಿದ ಅಂಕ ಕೇಳಿ ಮನೆಮಂದಿ ನಗುತ್ತಾರೆ. "ಇನ್ನು ಆಟ ಸಾಕು, ಪುಸ್ತಕ ಹಿಡಿ" ಎಂದು ಅಜ್ಜಿ ತೀರ್ಪು ಕೊಟ್ಟುಬಿಡುತ್ತಾರೆ. ನಮ್ಮ ಎಷ್ಟೋ ಮನೆಗಳಲ್ಲಿ ಹುಡುಗಿಯರ ಆಟ ಮುಗಿಯುವುದು ಮೈದಾನದಲ್ಲಲ್ಲ. ಇಂತಹ ಒಂದು ಸಂಜೆ, ಮನೆಯ ಚಾವಡಿಯಲ್ಲಿ.

ಅಂತಹ ಮನೆಯವರು ತಿಳಿದಿರಬೇಕಾದ ಒಂದು ಪಂದ್ಯವಿದೆ. 2025ರ ಜನವರಿ 14ರಂದು ದಿಲ್ಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ, ಮೊತ್ತಮೊದಲ ಖೋ ಖೋ ವಿಶ್ವಕಪ್ ಪಂದ್ಯಾಟದಲ್ಲಿ, ಭಾರತದ ಮಹಿಳೆಯರು ದಕ್ಷಿಣ ಕೊರಿಯದ ಮಹಿಳೆಯರನ್ನು ಎದುರಿಸಿದರು. ಭಾರತ 175, ಕೊರಿಯ 18. ಅಂತರ 157 ಅಂಕ! ಒಂದು ತಂಡಕ್ಕೆ ಅಟ್ಟಲು ಸಿಗುವುದು ಏಳೇಳು ನಿಮಿಷದ ಎರಡು ಸರದಿ. ಒಬ್ಬಳನ್ನು ಔಟ್ ಮಾಡಿದರೆ ಎರಡು ಅಂಕ. ಲೆಕ್ಕ ಹಾಕಿದರೆ, ಸ್ಥೂಲವಾಗಿ ಹತ್ತು ಹನ್ನೆರಡು ಸೆಕೆಂಡಿಗೊಬ್ಬಳಂತೆ ಕೊರಿಯದ ಹುಡುಗಿಯರು ಸಿಕ್ಕಿಬಿದ್ದಿದ್ದಾರೆ.

ಇದರಲ್ಲಿ ಆಶ್ಚರ್ಯವಿಲ್ಲ. ಖೋ ಖೋ ಆಟಕ್ಕೆ ಪುಣೆಯ ಡೆಕ್ಕನ್ ಜಿಮಖಾನಾದಲ್ಲಿ ನಿಯಮಾವಳಿ ಸಿದ್ಧವಾದದ್ದು 1914ರಲ್ಲಿ. ನಮ್ಮ ದೇಶದ ಮಕ್ಕಳು ಒಂದನೆಯ ತರಗತಿಯಿಂದಲೇ ಇದನ್ನು ಕಂಡವರು. ಕೊರಿಯದವರಿಗೆ ಅದು ಹೊಸ ವಿದ್ಯೆ. ಆದರೂ ಅವರು ವಿಮಾನ ಹತ್ತಿ ಬಂದರು, ಆಡಿದರು, ಸೋತರು. ಆ ಪಂದ್ಯಾಟಕ್ಕೆ ಬಂದಿದ್ದ 19 ಮಹಿಳಾ ತಂಡಗಳಲ್ಲಿ 18 ತಂಡಗಳು ಕಪ್ಪಿಲ್ಲದೆಯೇ ಹಿಂತಿರುಗಿದವು. ಪಂದ್ಯಾಟವೆಂದರೆ ಅಷ್ಟೇ ಅಲ್ಲವೇ? ಗೆಲ್ಲುವುದು ಒಬ್ಬರು, ಕಲಿಯಬೇಕಾದವರು ಉಳಿದವರೆಲ್ಲ.

ಮೂರು ಗಡಿ ತಾಲೂಕುಗಳ ನೆರೆಯಲ್ಲಿ

ಈ ಆಟ ಬೇರೂರಿದ ನೆಲಗಳಲ್ಲಿ ಒಂದು ಮರಾಠವಾಡ. ಅಲ್ಲಿಯ ಉಮರ್ಗಾ, ನಿಲಂಗಾ, ಉದ್ಗೀರ್ ತಾಲೂಕುಗಳ ಹೆಸರು ಗಡಿಯ ಸುದ್ದಿ ಓದುವ ನಮ್ಮವರಿಗೆ ಅಪರಿಚಿತವಲ್ಲ. ಮೂರೂ ಹಿಂದಿನ ಹೈದರಾಬಾದ್ ರಾಜ್ಯದಲ್ಲಿದ್ದವು. ನಿಲಂಗಾ ಮತ್ತು ಉದ್ಗೀರ್ ಅಂದಿನ ಬೀದರ್ ಜಿಲ್ಲೆಗೇ ಸೇರಿದ್ದವು. 1956ರ ನವೆಂಬರ್ 1ರಂದು ಅವು ಮುಂಬಯಿ ರಾಜ್ಯಕ್ಕೂ, 1960ರಲ್ಲಿ ಮಹಾರಾಷ್ಟ್ರಕ್ಕೂ ಹೋದವು. ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ್ದೂ ಅದೇ 1956ರ ನವೆಂಬರ್ 1ರಂದು. ಆದ್ದರಿಂದ ಆಳಂದ, ಬಸವಕಲ್ಯಾಣ, ಭಾಲ್ಕಿಗಳ ಆಚೆ ಬದಿಯಲ್ಲಿರುವ ಕನ್ನಡ ಮನೆಗಳ ಪಾಡನ್ನು ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅಡಿಗೆಮನೆಯಲ್ಲಿ ಒಂದು ಭಾಷೆ, ಕಚೇರಿಯಲ್ಲಿ ಇನ್ನೊಂದು. ಮಗುವನ್ನು ಯಾವ ಮಾಧ್ಯಮಕ್ಕೆ ಸೇರಿಸುವುದೆಂಬ ಚಿಂತೆ ಇಬ್ಬರಿಗೂ ಒಂದೇ.

ಆಟದ ಬಯಲಿನಲ್ಲಿ ಮಾತ್ರ ಈ ಚಿಂತೆಯಿಲ್ಲ. 'ಖೋ' ಎಂಬ ಒಂದಕ್ಷರಕ್ಕೆ ಅನುವಾದ ಬೇಡ. ಕನ್ನಡ ಮನೆಯ ಹುಡುಗಿ ಮರಾಠಿ ಮನೆಯ ಹುಡುಗಿಯ ಬೆನ್ನು ತಟ್ಟಿ 'ಖೋ' ಅಂದರೆ ಅವಳು ಎದ್ದು ಓಡಲೇಬೇಕು.

ಉಮರ್ಗಾ ಇರುವ ಜಿಲ್ಲೆ ಹಿಂದಿನ ಉಸ್ಮಾನಾಬಾದ್, ಈಗಿನ ಧಾರಾಶಿವ. ಆ ಜಿಲ್ಲೆಯ ಸಾರಿಕಾ ಕಾಳೆ 2016ರಲ್ಲಿ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಬಂಗಾರ ಗೆದ್ದ ಭಾರತ ಮಹಿಳಾ ಖೋ ಖೋ ತಂಡದ ನಾಯಕಿ. 2020ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಹದಿಮೂರನೆಯ ವಯಸ್ಸಿನಲ್ಲಿ ಆಟಕ್ಕಿಳಿದ ಈಕೆ ಸುಮಾರು ಹತ್ತು ವರ್ಷ ದಿನಕ್ಕೆ ಒಂದೇ ಹೊತ್ತಿನ ಊಟದಲ್ಲಿ ಕಳೆದುದನ್ನು ಪ್ರಶಸ್ತಿ ಬಂದಾಗ ತಾವೇ ಹೇಳಿಕೊಂಡರು. ಅಮ್ಮ ಹೊಲಿಗೆ ಮಾಡಿ ಮನೆ ನಡೆಸುತ್ತಿದ್ದರು. ಅಜ್ಜ ಅಜ್ಜಿಯ ಆಸರೆಯೂ ಇತ್ತು.

2016ರಲ್ಲಿ ಮನೆಯ ಅಡಚಣೆ ಹೆಚ್ಚಾಗಿ, ಆಟವನ್ನೇ ಬಿಡುವುದೆಂದು ಸಾರಿಕಾ ತೀರ್ಮಾನಿಸಿದ್ದರು. ಕೋಣೆಯ ಬಾಗಿಲು ಹಾಕಿ ಕುಳಿತ ಸುದ್ದಿಯನ್ನು ತರಬೇತುದಾರ ಚಂದ್ರಜಿತ್ ಜಾಧವ್ ಅವರಿಗೆ ಮುಟ್ಟಿಸಿದವರು ಅಜ್ಜಿ. ಗುರುಗಳು ಬುದ್ಧಿ ಹೇಳಿ ಪುನಃ ಮೈದಾನಕ್ಕೆ ಕರೆತಂದರು. ಮುಂದೆ ಸರಕಾರಿ ಕ್ರೀಡಾಧಿಕಾರಿಯ ಕೆಲಸ ಸಿಕ್ಕಿ ಬದುಕು ಹಸನಾಯಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಭಾರತ ತಂಡದ ಮಟ್ಟಕ್ಕೆ ಏರಿದ ಆಟಗಾರ್ತಿಯನ್ನು ಆಟದಿಂದ ಹೊರಗೆ ಹಾಕಲು ಹೊರಟದ್ದು ಎದುರಾಳಿ ತಂಡವಲ್ಲ, ಮನೆಯ ಬಡತನ. ಉಳಿಸಿದ್ದು ಯಾವುದೋ ದೊಡ್ಡ ಯೋಜನೆಯೂ ಅಲ್ಲ; ಸಮಯಕ್ಕೆ ಸರಿಯಾಗಿ ಬಾಯಿಬಿಟ್ಟ ಅಜ್ಜಿ ಮತ್ತು ಆ ಮಾತಿಗೆ ಕಿವಿಗೊಟ್ಟ ಅಧ್ಯಾಪಕ.

ಐದು ನಿಮಿಷ ಹದಿನಾಲ್ಕು ಸೆಕೆಂಡು

ಪುನಃ ದಿಲ್ಲಿಗೆ ಬರೋಣ. 2025ರ ಜನವರಿ 19ರಂದು ಅಂತಿಮ ಪಂದ್ಯ, ಭಾರತ ಮತ್ತು ನೇಪಾಳ. ಭಾರತದ ನಾಯಕಿ ಮಹಾರಾಷ್ಟ್ರದ ಪ್ರಿಯಾಂಕಾ ಇಂಗಳೆ. ತಂಡದಲ್ಲಿ ಧಾರಾಶಿವದ ಅಶ್ವಿನಿ ಶಿಂಧೆ ಇದ್ದರು. ಮೈಸೂರು ಜಿಲ್ಲೆ ತಿರುಮಕೂಡಲು ನರಸೀಪುರ ತಾಲೂಕಿನ ಕುರುಬೂರಿನ ಕನ್ನಡತಿ ಬಿ. ಚೈತ್ರಾ ಇದ್ದರು. ಅರ್ಧ ಆಟ ಮುಗಿದಾಗ 35–24. ಅಂತರ ಬರೇ ಹನ್ನೊಂದು. ಮೂರನೆಯ ಸರದಿಯಲ್ಲಿ ಭಾರತ 73ಕ್ಕೆ ಏರಿತು. ಕೊನೆಯ ಸರದಿಯಲ್ಲಿ ಚೈತ್ರಾ ಇದ್ದ ಗುಂಪು ಓಡಲು ಇಳಿಯಿತು.

ಓಡುವವರು ಮೂವರು ಮೂವರಂತೆ ಅಂಕಣಕ್ಕಿಳಿಯುತ್ತಾರೆ. ಒಂದು ಗುಂಪು ಮೂರು ನಿಮಿಷ ಸಂಪೂರ್ಣ ಔಟಾಗದೆ ಉಳಿದರೆ ಒಂದು ಅಂಕ, ಆಮೇಲೆ ಪ್ರತಿ ಅರ್ಧ ನಿಮಿಷಕ್ಕೆ ಇನ್ನೊಂದು. ಇದಕ್ಕೆ 'ಡ್ರೀಮ್ ರನ್' ಎಂದು ಹೆಸರಿಟ್ಟಿದ್ದಾರೆ. ಚೈತ್ರಾ ಇದ್ದ ಗುಂಪು 5 ನಿಮಿಷ 14 ಸೆಕೆಂಡು ಉಳಿಯಿತು. ಬಂದದ್ದು ಐದು ಅಂಕ. 73 ಇದ್ದದ್ದು 78 ಆಯಿತು. 78–40ರಿಂದ ಭಾರತ ಗೆದ್ದಿತು.

ಇಲ್ಲಿ ಒಂದು ಮಾತು ಹೇಳದಿದ್ದರೆ ಲೋಪವಾದೀತು. ಆ ವಿಶ್ವಕಪ್ಪಿನ ಬಳಿಕ ಮಹಾರಾಷ್ಟ್ರ ಸರಕಾರ ತನ್ನ ಆಟಗಾರರಿಗೆ ತಲಾ ಎರಡೂಕಾಲು ಕೋಟಿ ರೂಪಾಯಿ ಮತ್ತು ಸರಕಾರಿ ಉದ್ಯೋಗ ಸಾರಿತು. ಕರ್ನಾಟಕ ಸಾರಿದ್ದು ತಲಾ ಐದು ಲಕ್ಷ. ಚೈತ್ರಾ ಮತ್ತು ಪುರುಷರ ತಂಡದ ಎಂ.ಕೆ. ಗೌತಮ್ ಅದನ್ನು ಒಪ್ಪಿಕೊಳ್ಳಲಿಲ್ಲ. ಒಂದೇ ಕಪ್ಪಿಗೆ ಗಡಿಯ ಆಚೆ ಒಂದು ಬೆಲೆ, ಈಚೆ ಒಂದು ಬೆಲೆ. ಬಡ ಮನೆಯ ಹುಡುಗಿ ಆಟದಲ್ಲಿ ಉಳಿಯುವಳೋ ಬಿಡುವಳೋ ಎಂಬುದನ್ನು ಇದೂ ನಿರ್ಧರಿಸುತ್ತದೆ.

ಹಿಮದ ಮೇಲಿನ ಪಾಠ

ನಮ್ಮ ಸೆಕೆಯ ಊರಿಗೆ ಐಸ್ ಹಾಕಿ ಬಹು ದೂರದ ಆಟ. ಆದರೆ ಸೋತು ಕಲಿತವರ ಕತೆ ಹುಡುಕಿದರೆ ಆ ಆಟದಲ್ಲಿ ಧಾರಾಳ ಸಿಗುತ್ತದೆ. 2008ರಲ್ಲಿ ಲಾಟ್ವಿಯದಲ್ಲಿ ನಡೆದ ಒಲಿಂಪಿಕ್ ಅರ್ಹತಾ ಪಂದ್ಯದಲ್ಲಿ ಸ್ಲೊವಾಕಿಯದ ಮಹಿಳೆಯರು ಬಲ್ಗೇರಿಯದ ಮೇಲೆ 82 ಗೋಲು ಹೊಡೆದರು, ಬಲ್ಗೇರಿಯದ್ದು ಸೊನ್ನೆ. ಅರುವತ್ತು ನಿಮಿಷದ ಆಟದಲ್ಲಿ 44 ಸೆಕೆಂಡಿಗೊಂದು ಗೋಲು. ಬಲ್ಗೇರಿಯದ ಹುಡುಗಿಯರು ಕೊನೆಯ ತನಕ ನಿಂತರೆಂಬುದೇ ದೊಡ್ಡದು.

ದಕ್ಷಿಣ ಕೊರಿಯದ ಮಹಿಳೆಯರು 2007ರ ಏಷ್ಯನ್ ಚಳಿಗಾಲದ ಕ್ರೀಡಾಕೂಟದಲ್ಲಿ ಜಪಾನಿಗೆ 0–29ರಿಂದ ಸೋತಿದ್ದರು. ಹತ್ತು ವರ್ಷದ ಬಳಿಕ, 2017ರಲ್ಲಿ, ಅದೇ ಜಪಾನಿಗೆ 0–3. 2018ರ ಒಲಿಂಪಿಕ್ಸಿನಲ್ಲಿ ಉತ್ತರ, ದಕ್ಷಿಣ ಕೊರಿಯಗಳು ಒಂದೇ ತಂಡವಾಗಿ ಆಡಿ, ಮೊದಲ ಎರಡು ಪಂದ್ಯ 0–8, 0–8 ಎಂದು ಸೋತು, ಮೂರನೆಯದರಲ್ಲಿ ಜಪಾನಿನ ಮೇಲೆ ಒಂದು ಗೋಲು ಹೊಡೆದವು. ಆ ಪಂದ್ಯವನ್ನೂ 1–4ರಿಂದ ಸೋತರು. ಆದರೆ ಇಪ್ಪತ್ತೊಂಬತ್ತು ಎಲ್ಲಿ, ನಾಲ್ಕು ಎಲ್ಲಿ?

ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ ಲಡಾಖಿನ ಹುಡುಗಿಯರಿದ್ದಾರೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಆಡಿ ಕಲಿತವರೇ ಭಾರತ ತಂಡದ ಬಹುಪಾಲು. 2016ರಲ್ಲಿ ಮೊದಲ ಬಾರಿ ತೈಪೆಯ ಏಷ್ಯಾ ಪಂದ್ಯಾಟಕ್ಕೆ ಹೋದಾಗ ಒಂದೂ ಪಂದ್ಯ ಗೆಲ್ಲಲಿಲ್ಲ. ಮರುವರ್ಷ ಬ್ಯಾಂಕಾಕಿನಲ್ಲಿ ಫಿಲಿಪ್ಪೀನ್ಸ್ ತಂಡವನ್ನು 4–3ರಿಂದ ಸೋಲಿಸಿದರು. ಅದು ಮೊತ್ತಮೊದಲ ಗೆಲುವು. 2025ರಲ್ಲಿ, ನಮ್ಮವರು ದುಡಿಯಲು ಹೋಗುವ ಗಲ್ಫಿನ ಅಲ್ ಐನ್ ನಗರದಲ್ಲಿ ನಡೆದ ಮಹಿಳಾ ಏಷ್ಯಾ ಕಪ್ಪಿನಲ್ಲಿ ಅವರಿಗೆ ಕಂಚಿನ ಪದಕ ಬಂತು.

ಎಲ್ಲ ಸೋಲೂ ಗುರುವಲ್ಲ

ಹಾಗೆಂದು ಸೋಲನ್ನೇ ಹೊಗಳಿ ಕೂರುವುದೂ ತಪ್ಪು. ಸೋಲು ಪಾಠವಾಗುವುದು ಮುಂದೆ ಇನ್ನೊಂದು ಪಂದ್ಯ ಇದ್ದರೆ ಮಾತ್ರ. ವರ್ಷವಿಡೀ ಮೈದಾನಕ್ಕೆ ಬಿಡದೆ, ಕ್ರೀಡಾಕೂಟಕ್ಕೆ ನಾಲ್ಕು ದಿನವಿರುವಾಗ ಒಂಬತ್ತು ಮಕ್ಕಳನ್ನು ಒಟ್ಟುಮಾಡಿ, ದೊಡ್ಡ ಶಾಲೆಯ ಪಳಗಿದ ತಂಡದೆದುರು ನಿಲ್ಲಿಸಿದರೆ ಅದರಿಂದ ಮಕ್ಕಳು ಕಲಿಯುವುದು ನಾಚಿಕೆಯನ್ನು ಮಾತ್ರ. ಲಡಾಖಿನವರು ಮರುವರ್ಷ ಪುನಃ ಹೋದರು. ಕೊರಿಯದವರು ಹತ್ತು ವರ್ಷ ಬಿಡದೆ ಆಡಿದರು. ಗುಟ್ಟು ಅಲ್ಲಿದೆ.

ಹುಡುಗಿಯರ ಆಟಕ್ಕೆ ನಮ್ಮ ಕನ್ನಡ ಶಾಲೆಗಳಿಂದ ಬೇಕಾದದ್ದು ಬಹಳವೇನಲ್ಲ. ಖೋ ಖೋ ಆಡಲು ಬೇಕಾದದ್ದು ಎರಡು ಕಂಬ, ಸುಣ್ಣದ ಗೆರೆ, ಕಲ್ಲು ಆರಿಸಿದ ನೆಲ, ವಾರಕ್ಕೆ ಮೂರು ಸಂಜೆ. ಅಧ್ಯಾಪಕರ ಕೈಯಲ್ಲಿ ಒಂದು ಗಡಿಯಾರವೂ ಒಂದು ಪುಸ್ತಕವೂ ಇದ್ದರೆ ಒಳ್ಳೆಯದು. ಪ್ರತಿ ಹುಡುಗಿ ಔಟಾಗುವ ಮೊದಲು ಎಷ್ಟು ಸೆಕೆಂಡು ಉಳಿದಳೆಂದು ಬರೆದಿಡಲಿ. ಈ ಸಲ ಇಪ್ಪತ್ತು ಸೆಕೆಂಡು, ಮುಂದಿನ ಸಲ ಮೂವತ್ತೈದು. ತಂಡ ಭಾರೀ ಅಂತರದಿಂದ ಸೋತಿರಬಹುದು. ಆ ಹುಡುಗಿ ಸೋತಿಲ್ಲವೆಂದು ಆ ಪುಸ್ತಕ ಹೇಳುತ್ತದೆ. ಚೈತ್ರಾ ಅವರ ಐದು ನಿಮಿಷ ಹದಿನಾಲ್ಕು ಸೆಕೆಂಡು ಕೂಡ ಒಂದೇ ದಿನದಲ್ಲಿ ಬಂದದ್ದಲ್ಲ.

ಹೆತ್ತವರೂ ಒಂದು ಉಪಕಾರ ಮಾಡಬಹುದು. ಮಗಳು ಕೆಮ್ಮಣ್ಣಿನ ಕಾಲಲ್ಲಿ ಮನೆಗೆ ಬಂದಾಗ "ಎಷ್ಟರಲ್ಲಿ ಸೋತಿರಿ?" ಎಂದು ಕೇಳಬೇಡಿ. ಮೊದಲು ಒಂದು ಲೋಟ ಬೆಲ್ಲದ ನೀರು ಕೊಡಿ. ಅವಳು ಕುಡಿದು ಮುಗಿಸಲಿ. ಆಮೇಲೆ ಕೇಳಿ: "ಎಷ್ಟು ಹೊತ್ತು ನಿಂತೆ ಮಗಳೇ?"